ಶ್ವಾಸಕೋಶದ ಅಡಿನೋಕಾರ್ಸಿನೋಮ: ಜೀನ್ ರಿಪೋರ್ಟ್ ಬರುವವರೆಗೆ ಕೀಮೋ ಶುರು ಮಾಡದೆ ಕಾಯಬಹುದಾ?

ಪ್ರಶ್ನೆ: ತೆಂಗಿನಸೀಮೆ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರಿಗೆ 58 ವರ್ಷ, ಅರಸೀಕೆರೆ ಹತ್ತಿರದ ಹಳ್ಳಿ. ಬೀಡಿ, ಹೊಗೆಸೊಪ್ಪು ಯಾವುದೂ ಇಲ್ಲ, ಆದರೆ ಮೂವತ್ತು ವರ್ಷ ಸೌದೆ ಒಲೆ ಮುಂದೆ ಅಡುಗೆ ಮಾಡಿದ್ದಾರೆ. ನಾಲ್ಕು ತಿಂಗಳಿಂದ ಕೆಮ್ಮು. ಎಕ್ಸ್‌ರೇಯಲ್ಲಿ ಬಲಗಡೆ ಮೇಲೆ ನೆರಳು ಕಾಣಿಸಿತು. ಕಫದಲ್ಲಿ ಏನೂ ಸಿಗದಿದ್ದರೂ ಟಿಬಿ ಮಾತ್ರೆ ಕೊಟ್ಟರು. ಎರಡು ತಿಂಗಳಾದರೂ ಕೆಮ್ಮು ಜಗ್ಗಲಿಲ್ಲ, ತೂಕ 6 ಕೆಜಿ ಇಳಿದಿದೆ.

ಸಿಟಿಯಲ್ಲಿ ಬಲಗಡೆ ಮೇಲಿನ ಹಾಲೆಯಲ್ಲಿ 4.2 ಸೆಂ.ಮೀ. ಗಡ್ಡೆ, ಎದೆಯ ನಡುವಿನ ಗ್ರಂಥಿಗಳು ಊದಿವೆ, ಬಲಗಡೆ ಸ್ವಲ್ಪ ನೀರು ಇದೆ. ಸಿಟಿ ನೋಡಿಕೊಂಡು ಸೂಜಿ ಹಾಕಿ ಬಯಾಪ್ಸಿ ಮಾಡಿದರು: "ಅಡಿನೋಕಾರ್ಸಿನೋಮ, ಟಿಟಿಎಫ್-1 ಪಾಸಿಟಿವ್" ಅಂತ ಬಂದಿದೆ. ಜೀನ್ ಟೆಸ್ಟಿಗೆ ಕಳಿಸಿದ್ದಾರೆ, ಎರಡು ಮೂರು ವಾರ ಆಗುತ್ತೆ, ಅಲ್ಲಿವರೆಗೆ ಕೀಮೋ ಬೇಡ ಅಂತಿದ್ದಾರೆ. ಮನೆಯಲ್ಲಿ ಎಲ್ಲರೂ "ಕ್ಯಾನ್ಸರ್ ಅಂತ ಗೊತ್ತಾದ ಮೇಲೂ ಕೈಕಟ್ಟಿ ಕೂರೋದಾ?" ಅಂತ ಕೇಳ್ತಿದ್ದಾರೆ. ಕಾಯಬಹುದಾ? ಆಪರೇಷನ್ ಮಾಡಿ ಗಡ್ಡೆ ತೆಗೆಸೋಕೆ ಆಗಲ್ವಾ? ಪೆಟ್ ಸ್ಕ್ಯಾನ್, ತಲೆಗೆ ಎಂಆರ್‌ಐ ಎರಡೂ ಬರೆದಿದ್ದಾರೆ, ಎರಡೂ ಬೇಕೇ ಬೇಕಾ?

ಉತ್ತರ: ಗಾಜುಪಟ್ಟಿ

ಕಾಯಬಹುದು. ಈ ಕಾಯಿಲೆಯಲ್ಲಿ ಕಾಯಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಉಸಿರಾಟ ತೀರಾ ಕಷ್ಟವಾಗುತ್ತಿದ್ದರೆ, ಮುಖ ಕತ್ತು ಊದಿಕೊಳ್ಳುತ್ತಿದ್ದರೆ, ಕಫದಲ್ಲಿ ರಕ್ತ ಬೀಳುತ್ತಿದ್ದರೆ ಅಥವಾ ಫಿಟ್ಸ್ ಬಂದರೆ ಲೆಕ್ಕ ಬೇರೆ. ಆಗ ಕಾಯದೆ ಆಸ್ಪತ್ರೆಗೆ ಹೋಗಿ.

ಕಾರಣ ಹೇಳುತ್ತೇನೆ. ಶ್ವಾಸಕೋಶದ ಕ್ಯಾನ್ಸರ್ ಒಂದೇ ಕಾಯಿಲೆಯಲ್ಲ. ಸ್ಮಾಲ್ ಸೆಲ್ ಅನ್ನುವ ಬಗೆ ಸುಮಾರು 15% ಇರುತ್ತದೆ. ಅದು ವಾರಗಳಲ್ಲೇ ಹಬ್ಬುವುದರಿಂದ ಅಲ್ಲಿ ಕೀಮೋ ತಡಮಾಡುವಂತಿಲ್ಲ. ಉಳಿದದ್ದು ನಾನ್ ಸ್ಮಾಲ್ ಸೆಲ್, ನಿಮ್ಮ ಅತ್ತೆಯವರದ್ದು ಅದರಲ್ಲಿ ಅಡಿನೋಕಾರ್ಸಿನೋಮ. ಟಿಟಿಎಫ್-1 ಪಾಸಿಟಿವ್ ಅಂದರೆ ಬೇರೆ ಅಂಗದಿಂದ ಹರಡಿ ಬಂದದ್ದಲ್ಲ, ಶ್ವಾಸಕೋಶದಲ್ಲೇ ಹುಟ್ಟಿದ್ದು ಎನ್ನಲು ಬಲವಾದ ಸಾಕ್ಷಿ. ನಮ್ಮ ದೇಶದ ಅಡಿನೋಕಾರ್ಸಿನೋಮ ರೋಗಿಗಳಲ್ಲಿ ಹೆಚ್ಚುಕಡಿಮೆ ಮೂರು ನಾಲ್ಕು ಮಂದಿಯಲ್ಲಿ ಒಬ್ಬರಿಗೆ ಇಜಿಎಫ್‌ಆರ್ ಜೀನ್‌ನಲ್ಲಿ ಬದಲಾವಣೆ ಇರುತ್ತದೆ. ಹೊಗೆ ಸೇದದ ಹೆಂಗಸರಲ್ಲಿ ಇನ್ನೂ ಹೆಚ್ಚು. ಅದು ಸಿಕ್ಕರೆ ಚಿಕಿತ್ಸೆಯ ಬುನಾದಿ ದಿನಕ್ಕೊಂದು ಮಾತ್ರೆ.

ಈಗ ನೀವು ಕಾಪಾಡಬೇಕಾದದ್ದು ಬಯಾಪ್ಸಿಯ ತುಣುಕು. ಸೂಜಿಯಲ್ಲಿ ಬಂದದ್ದು ಸೇಮಿಗೆ ಎಳೆಯಷ್ಟು ದಪ್ಪ, ಒಂದೆರಡು ಸೆಂಟಿಮೀಟರ್ ಉದ್ದ. ಅದನ್ನು ಫಾರ್ಮಲಿನ್‌ನಲ್ಲಿ ಇಟ್ಟು, ಮೇಣದಲ್ಲಿ ಕೂರಿಸಿ "ಬ್ಲಾಕ್" ಮಾಡಿರುತ್ತಾರೆ. ಪ್ರತಿ ಪರೀಕ್ಷೆಗೂ ಅದರಿಂದ 4–5 ಮೈಕ್ರಾನ್ ದಪ್ಪದ ಪದರಗಳನ್ನು ಕೊಯ್ಯುತ್ತಾರೆ. ಇಜಿಎಫ್‌ಆರ್ ಒಂದು ಕಡೆ, ಎಎಲ್‌ಕೆ ಇನ್ನೊಂದು ಕಡೆ, ಆರ್‌ಓಎಸ್1 ಮತ್ತೊಂದು ಕಡೆ ಅಂತ ಬಿಡಿಬಿಡಿಯಾಗಿ ಮಾಡಿಸುತ್ತಾ ಹೋದರೆ ಮೂರನೆಯದಕ್ಕೇ ತುಣುಕು ಖಾಲಿ. ಕೈಗೆಟುಕುವುದಾದರೆ ಎಲ್ಲವನ್ನೂ ಒಟ್ಟಿಗೆ ನೋಡುವ ಎನ್‌ಜಿಎಸ್ ಪ್ಯಾನೆಲ್ಲನ್ನೇ ಕೇಳಿ, ಪಿಡಿ-ಎಲ್1 ಜೊತೆಗಿರಲಿ (ಇಮ್ಯುನೊಥೆರಪಿ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಔಷಧ, ಹಿಡಿಸೀತೇ ಅಂತ ಅಂದಾಜಿಸಲು ನೋಡುವ ಪ್ರೋಟೀನ್ ಅದು). ಅದಕ್ಕೆ ತುಣುಕಿನಲ್ಲಿ ಗಡ್ಡೆಯ ಜೀವಕೋಶಗಳು ಸಾಮಾನ್ಯವಾಗಿ 20% ಆದರೂ ಇರಬೇಕು. "ಮಾದರಿ ಸಾಲದು" ಅಂತ ರಿಪೋರ್ಟ್ ಬಂದರೆ ಅದು ನೆಗೆಟಿವ್ ಅಲ್ಲ, ಪರೀಕ್ಷೆಯೇ ಆಗಿಲ್ಲ ಎಂದರ್ಥ. ಎಷ್ಟೋ ಮನೆಯವರು ಇದನ್ನು "ಜೀನ್ ಇಲ್ಲವಂತೆ" ಅಂದುಕೊಂಡು ಕೀಮೋಗೆ ಒಪ್ಪಿಬಿಡುತ್ತಾರೆ.

ಹಾಗಾದರೆ ರಕ್ತದಿಂದಲೂ ನೋಡಬಹುದು, ಲಿಕ್ವಿಡ್ ಬಯಾಪ್ಸಿ ಅನ್ನುತ್ತಾರೆ. ಎರಡು ವಿಶೇಷ ಟ್ಯೂಬುಗಳಲ್ಲಿ ತಲಾ 10 ಎಂಎಲ್ ರಕ್ತ. ಆ ಟ್ಯೂಬು ಫ್ರಿಜ್‌ಗೆ ಹೋಗಬಾರದು. ಅದರಲ್ಲಿ ಪಾಸಿಟಿವ್ ಬಂದರೆ ನಂಬಬಹುದು, ನೆಗೆಟಿವ್ ಬಂದರೆ ನಂಬುವಂತಿಲ್ಲ.

ಬೇರೆ ಊರಿಗೆ ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಲ್ಯಾಬಿನಲ್ಲಿ ಅರ್ಜಿ ಬರೆದುಕೊಟ್ಟು ಬ್ಲಾಕ್ ಮತ್ತು ಸ್ಲೈಡ್ ಕೇಳಿ ತೆಗೆದುಕೊಳ್ಳಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಮೇಣ ಮೆತ್ತಗಾಗುತ್ತದೆ. ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹತ್ತಿ ಸುತ್ತಿ, ಕೈಚೀಲದಲ್ಲೇ ಇರಲಿ.

ಉತ್ತರ: ಎದೆಗೂಡು

ಆಪರೇಷನ್ ಪ್ರಶ್ನೆಗೆ ಉತ್ತರ ಆ "ಸ್ವಲ್ಪ ನೀರಿ"ನಲ್ಲಿದೆ. ಅದರಲ್ಲಿ ಕ್ಯಾನ್ಸರ್ ಜೀವಕೋಶ ಸಿಕ್ಕರೆ ಬೇರೆಲ್ಲೂ ಹರಡಿರದಿದ್ದರೂ 4ನೇ ಹಂತ. ಗಡ್ಡೆ ತೆಗೆದರೂ ಶ್ವಾಸಕೋಶದ ಸುತ್ತಲಿನ ಪೊರೆಯ ತುಂಬ ಕ್ಯಾನ್ಸರ್ ಬೀಜ ಬಿದ್ದಿರುವುದರಿಂದ ಪ್ರಯೋಜನವಿಲ್ಲ, ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಹಾಗಾಗಿ ಅಲ್ಟ್ರಾಸೌಂಡ್ ನೋಡಿಕೊಂಡು ನೀರು ತೆಗೆಸಿ. 5 ಎಂಎಲ್ ಸಿರಿಂಜಿನಷ್ಟು ಕಳಿಸಿದರೆ ಸಾಲದು, ಸಿಕ್ಕುವುದಾದರೆ 50 ಎಂಎಲ್ ಕಳಿಸಲಿ, "ಸೆಲ್ ಬ್ಲಾಕ್ ಮಾಡಿ" (ನೀರಿನ ಜೀವಕೋಶಗಳನ್ನು ಒಟ್ಟುಮಾಡಿ ಮೇಣದಲ್ಲಿ ಕೂರಿಸುವುದು) ಅಂತ ಚೀಟಿಯಲ್ಲಿ ಬರೆಸಿ. ಬಯಾಪ್ಸಿ ತುಣುಕು ಸಾಲದಿದ್ದರೆ ಆ ಸೆಲ್ ಬ್ಲಾಕಿನಿಂದಲೇ ಜೀನ್ ಟೆಸ್ಟ್ ಆಗುತ್ತದೆ. ಜೊತೆಗೆ ಎಡಿಎ ಅನ್ನುವ ಕಿಣ್ವದ ಮಟ್ಟ ಕೂಡ ನೋಡಲಿ, ಟಿಬಿ ನೀರಾಗಿದ್ದರೆ ಅದು ಸಾಮಾನ್ಯವಾಗಿ 40ರ ಮೇಲಿರುತ್ತದೆ. ನೀರಿನಲ್ಲಿ ಕ್ಯಾನ್ಸರ್ ಇದ್ದರೂ ಮೊದಲ ಸಲದ ಜೀವಕೋಶ ಪರೀಕ್ಷೆ ಹತ್ತರಲ್ಲಿ ಆರು ಮಂದಿಯಲ್ಲಷ್ಟೇ ಕ್ಯಾನ್ಸರ್ ಹಿಡಿಯುತ್ತದೆ. ನೆಗೆಟಿವ್ ಬಂದರೆ ಇನ್ನೊಮ್ಮೆ ತೆಗೆಸಬೇಕು.

ಪೆಟ್ ಮತ್ತು ಎಂಆರ್‌ಐ ಎರಡೂ ಬೇಕು. ಪೆಟ್‌ನಲ್ಲಿ ಕೊಡುವ ಔಷಧ ಸಕ್ಕರೆಯ ರೂಪದ್ದು. ಮಿದುಳು ಸಹಜವಾಗಿಯೇ ಸಕ್ಕರೆಯನ್ನು ಜಾಸ್ತಿ ಹೀರುವುದರಿಂದ ಅಲ್ಲಿ ಇಡೀ ಚಿತ್ರವೇ ಬೆಳಗುತ್ತದೆ, ಸಣ್ಣ ಚುಕ್ಕೆ ಅದರಲ್ಲಿ ಮುಚ್ಚಿಹೋಗುತ್ತದೆ. ಅದಕ್ಕೇ ತಲೆಗೆ ಕಾಂಟ್ರಾಸ್ಟ್ ಎಂಆರ್‌ಐ. ಪೆಟ್‌ಗೆ ಹೋಗುವ ಮುನ್ನ 4–6 ಗಂಟೆ ಬರೀ ನೀರು, ಹಿಂದಿನ ದಿನ ಹೊಲದ ಕೆಲಸ, ಮೆಟ್ಟಿಲು ಹತ್ತುವುದು ಬೇಡ, ಶುಗರ್ 200ರ ಒಳಗಿರಲಿ. ಸಕ್ಕರೆ ಕಾಯಿಲೆಗೆ ಮಾತ್ರೆ ಇದ್ದರೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಿ.

ಪೆಟ್‌ನಲ್ಲಿ ಬೆಳಗಿದ್ದೆಲ್ಲ ಕ್ಯಾನ್ಸರ್ ಅಲ್ಲ. ನಮ್ಮಲ್ಲಿ ಹಳೇ ಟಿಬಿ ಗ್ರಂಥಿಗಳು, ಹೊಗೆ-ಧೂಳಿನಿಂದ ಊದಿದ ಗ್ರಂಥಿಗಳು ಕೂಡ ಧಾರಾಳವಾಗಿ ಬೆಳಗುತ್ತವೆ. ಚಿಕಿತ್ಸೆಯ ದಾರಿ ಗ್ರಂಥಿಯ ಮೇಲೆ ನಿಂತಿದ್ದರೆ ಈಬಸ್ ಮಾಡಿಸಿ, ಶ್ವಾಸನಾಳದೊಳಗಿಂದ ಅಲ್ಟ್ರಾಸೌಂಡ್ ನೋಡುತ್ತಾ ಸೂಜಿ ಹಾಕಿ ಗ್ರಂಥಿಯ ಮಾದರಿ ತೆಗೆಯುತ್ತಾರೆ. ಇಷ್ಟು ಮಾಡದೆ ಬರೀ ಬಣ್ಣ ನೋಡಿ "ಹಬ್ಬಿದೆ" ಅಂದುಬಿಟ್ಟರೆ, ಗುಣವಾಗಬಹುದಾದವರೂ ಆಪರೇಷನ್ ತಪ್ಪಿಸಿಕೊಳ್ಳುತ್ತಾರೆ. ಇನ್ನೊಂದು ಮಾತು: ನೀರು ಮತ್ತೆ ಮತ್ತೆ ತುಂಬಿದರೆ ಟಾಲ್ಕ್ ಪುಡಿ ಹಾಕಿ ಪೊರೆ ಅಂಟಿಸುತ್ತಾರೆ. ಅದಕ್ಕೆ ಮುಂಚೆಯೇ ಪೆಟ್ ಆಗಿರಲಿ. ಟಾಲ್ಕ್ ಹಾಕಿದ ಜಾಗ ವರ್ಷಗಟ್ಟಲೆ ಪೆಟ್‌ನಲ್ಲಿ ಬೆಳಗುತ್ತಲೇ ಇರುತ್ತದೆ.

ನೀರು, ಗ್ರಂಥಿ ಎರಡೂ ಶುದ್ಧ ಅಂತ ಬಂದರೆ ಮಾತ್ರ ಸರ್ಜನ್ ಹತ್ತಿರ ಹೋಗುವ ಮಾತು. ಆಗ ಶ್ವಾಸದ ಪರೀಕ್ಷೆ (ಎಫ್‌ಇವಿ1, ಡಿಎಲ್‌ಸಿಓ) ಮಾಡಿ, ಒಂದು ಹಾಲೆ ತೆಗೆದ ಮೇಲೆ ಉಳಿಯುವ ಶಕ್ತಿ ಲೆಕ್ಕ ಹಾಕುತ್ತಾರೆ. ಎರಡೂ 60%ಗಿಂತ ಹೆಚ್ಚು ಉಳಿದರೆ ನಿಶ್ಚಿಂತೆ, 30%ಗಿಂತ ಕಡಿಮೆಯಾದರೆ ಅಪಾಯ ಜಾಸ್ತಿ. ಸಣ್ಣ ಗಡ್ಡೆ ಇದ್ದು ಆಪರೇಷನ್ ತಡೆಯಲಾರದವರಿಗೆ ಎಸ್‌ಬಿಆರ್‌ಟಿ ಅನ್ನುವ ಗುರಿಯಿಟ್ಟ ರೇಡಿಯೇಷನ್, ಮೂರರಿಂದ ಐದು ಸಲದಲ್ಲಿ ಮುಗಿಯುತ್ತದೆ. ಗ್ರಂಥಿಗೆ ಹಬ್ಬಿದ 3ನೇ ಹಂತದಲ್ಲಿ, ಆಪರೇಷನ್ ಆಗದಿದ್ದರೆ, ಆರು ವಾರ ರೇಡಿಯೇಷನ್ ಮತ್ತು ಕೀಮೋ ಒಟ್ಟಿಗೆ.

ಟಿಬಿ ಮಾತ್ರೆ ಈಗಲೂ ನಡೆಯುತ್ತಿದೆಯಾ? ಇದನ್ನು ತಪ್ಪದೆ ತಿಳಿಸಿ.

ತೆಂಗಿನಸೀಮೆ

ಹೌದು, ದಿನಾ ತಗೋತಿದ್ದಾರೆ. ಮೂತ್ರ ಕಿತ್ತಳೆ ಬಣ್ಣ ಬರುತ್ತೆ. ಬೆಳಗ್ಗೆ ಗ್ಯಾಸ್ ಮಾತ್ರೆ (ಪ್ಯಾಂಟೊಪ್ರಜೋಲ್) ಕೂಡ ಇದೆ. ನಾಳೆ ನೀರು ತೆಗೆಸ್ತೀವಿ.

ಉತ್ತರ: ಔಷಧಿ ಚೀಟಿ

ಎದೆಗೂಡು ಅವರು ಸರಿಯಾದ ಕಡೆ ಕೈಯಿಟ್ಟರು. ಮೂತ್ರದ ಕಿತ್ತಳೆ ಬಣ್ಣ ರಿಫಾಂಪಿಸಿನ್‌ನದ್ದು. ಅದು ಲಿವರ್‌ನಲ್ಲಿ ಔಷಧಗಳನ್ನು ಒಡೆಯುವ ಕಿಣ್ವವನ್ನು ಜೋರು ಮಾಡುತ್ತದೆ. ಮುಂದೆ ಇಜಿಎಫ್‌ಆರ್ ಬದಲಾವಣೆಗೆ ಕೊಡುವ ಮಾತ್ರೆಗಳಾದ ಜೆಫಿಟಿನಿಬ್ ಆಗಲಿ ಓಸಿಮರ್ಟಿನಿಬ್ ಆಗಲಿ ಶುರುವಾದರೆ, ರಿಫಾಂಪಿಸಿನ್ ಜೊತೆಗಿದ್ದಾಗ ರಕ್ತದಲ್ಲಿ ಅದರ ಒಟ್ಟು ಪ್ರಮಾಣ ಸುಮಾರು ಐದರಲ್ಲಿ ನಾಲ್ಕು ಪಾಲು ಇಳಿದುಬಿಡುತ್ತದೆ. ದುಬಾರಿ ಮಾತ್ರೆ ನುಂಗಿಯೂ ನುಂಗದ ಹಾಗೆ. ಆಮೇಲೆ ಸ್ಕ್ಯಾನ್ ನೋಡಿ "ಮಾತ್ರೆ ಕೆಲಸ ಮಾಡಲಿಲ್ಲ" ಅಂತ ಬದಲಾಯಿಸುತ್ತಾರೆ. ಅದಕ್ಕಿಂತ ಅನ್ಯಾಯ ಬೇರೆ ಇಲ್ಲ.

ಹಾಗಂತ ನೀವಾಗಿಯೇ ನಿಲ್ಲಿಸಬೇಡಿ. ಬಯಾಪ್ಸಿ ರಿಪೋರ್ಟ್ ಹಿಡಿದು ಟಿಬಿ ಶುರು ಮಾಡಿದ ವೈದ್ಯರ ಹತ್ತಿರ ಹೋಗಿ. ಕಫದ ಸಿಬಿನ್ಯಾಟ್ (ಟಿಬಿ ರೋಗಾಣುವಿನ ಜೀನ್ ಹುಡುಕುವ ಪರೀಕ್ಷೆ) ಆಗಿಲ್ಲದಿದ್ದರೆ ಈಗ ಮಾಡಿಸಲಿ. ನಾಳೆಯ ನೀರಿನ ಎಡಿಎ ಮತ್ತು ಬಯಾಪ್ಸಿ ಎರಡರಲ್ಲೂ ಟಿಬಿ ಗುರುತು ಇಲ್ಲದಿದ್ದರೆ ಅವರೇ ಬರೆದು ನಿಲ್ಲಿಸಿ, ಸರ್ಕಾರದ ಟಿಬಿ ನೋಂದಣಿಯಾದ ನಿಕ್ಷಯ್‌ನಲ್ಲಿರುವ ಹೆಸರಿನ ಮುಂದೆ ರೋಗನಿರ್ಣಯ ಬದಲಾಗಿದೆ ಅಂತ ನಮೂದಿಸಬೇಕು. ನಿಲ್ಲಿಸಿದ ಮೇಲೂ ಕಿಣ್ವದ ಜೋರು ಇಳಿಯಲು ಎರಡು ಮೂರು ವಾರ ಬೇಕು. ಆ ಅವಧಿಯಲ್ಲಿ ಮಾತ್ರೆಯ ಡೋಸ್ ಎಷ್ಟಿರಬೇಕು ಅನ್ನುವುದನ್ನು ಆಂಕಾಲಜಿಸ್ಟ್ ತೀರ್ಮಾನಿಸುತ್ತಾರೆ, ಅವರಿಗೆ ನಿಲ್ಲಿಸಿದ ತಾರೀಖು ಗೊತ್ತಿರಬೇಕು. ಟಿಬಿ ಔಷಧ ಲಿವರ್ ಮೇಲೂ ಭಾರ, ಆದ್ದರಿಂದ ಹೊಸ ಮಾತ್ರೆಗೆ ಮೊದಲು ಎಲ್‌ಎಫ್‌ಟಿ (ಲಿವರ್‌ನ ರಕ್ತಪರೀಕ್ಷೆ) ಮಾಡಿಸಿ.

ಪ್ಯಾಂಟೊಪ್ರಜೋಲ್ ವಿಷಯ: ಜೆಫಿಟಿನಿಬ್, ಎರ್ಲೋಟಿನಿಬ್ ಕರಗಲು ಹೊಟ್ಟೆಯಲ್ಲಿ ಆಮ್ಲ ಬೇಕು. ಗ್ಯಾಸ್ ಮಾತ್ರೆ ಆ ಆಮ್ಲವನ್ನೇ ತಗ್ಗಿಸುತ್ತದೆ. ನಿಜವಾಗಿ ಬೇಡವಾದರೆ ಬಿಡಿಸಿ. ಬೇಕೇ ಬೇಕಾದರೆ ಜೆಫಿಟಿನಿಬ್‌ಗೂ ಅದಕ್ಕೂ 12 ಗಂಟೆ ಅಂತರ. ಓಸಿಮರ್ಟಿನಿಬ್‌ಗೆ ಈ ತೊಂದರೆ ಇಲ್ಲ.

ತೆಂಗಿನಸೀಮೆ

ಹದಿನೆಂಟು ದಿನಕ್ಕೆ ರಿಪೋರ್ಟ್ ಬಂತು. ಇಜಿಎಫ್‌ಆರ್ ಎಕ್ಸಾನ್ 19 ಡಿಲೀಷನ್ ಇದೆ. ಎಎಲ್‌ಕೆ, ಆರ್‌ಓಎಸ್1 ನೆಗೆಟಿವ್. ಪಿಡಿ-ಎಲ್1 60%. ನೀರಿನಲ್ಲಿ ಕ್ಯಾನ್ಸರ್ ಜೀವಕೋಶ ಸಿಕ್ಕಿದೆ. ಎಂಆರ್‌ಐಯಲ್ಲಿ 4 ಮಿ.ಮೀ. ಮತ್ತು 6 ಮಿ.ಮೀ.ನ ಎರಡು ಚುಕ್ಕೆ, ತಲೆನೋವು ಏನಿಲ್ಲ. ಟಿಬಿ ಮಾತ್ರೆ ಎರಡು ವಾರದ ಹಿಂದೆ ವೈದ್ಯರೇ ನಿಲ್ಲಿಸಿದರು. ಈಗ ಇನ್ನೊಂದು ಕಡೆ ತೋರಿಸಿದಾಗ "ಪಿಡಿ-ಎಲ್1 60 ಇದೆ, ಇಮ್ಯುನೊಥೆರಪಿ ಚೆನ್ನಾಗಿ ಕೆಲಸ ಮಾಡುತ್ತೆ, ನಾಳೆಯೇ ಶುರು ಮಾಡೋಣ" ಅಂದರು. ಏನು ಮಾಡಲಿ?

ಉತ್ತರ: ಗಾಜುಪಟ್ಟಿ

ದಯವಿಟ್ಟು ಇಮ್ಯುನೊಥೆರಪಿ ಇಂಜೆಕ್ಷನ್ ಈಗ ಹಾಕಿಸಬೇಡಿ. ಪಿಡಿ-ಎಲ್1 50%ಕ್ಕಿಂತ ಹೆಚ್ಚಿದ್ದರೆ ಪೆಂಬ್ರೊಲಿಜುಮಾಬ್ ಎಂಬ ಇಮ್ಯುನೊಥೆರಪಿ ಔಷಧ ಅನ್ನುವುದು ಇಜಿಎಫ್‌ಆರ್, ಎಎಲ್‌ಕೆ ಬದಲಾವಣೆ ಇಲ್ಲದವರ ಲೆಕ್ಕ. ಎಕ್ಸಾನ್ 19 ಇರುವ ಗಡ್ಡೆಯಲ್ಲಿ ಪಿಡಿ-ಎಲ್1 ಎಷ್ಟೇ ಮೇಲಿದ್ದರೂ ಆ ಔಷಧಕ್ಕೆ ಬಗ್ಗುವುದು ಬಹಳ ಕಡಿಮೆ. ಅದಕ್ಕಿಂತ ದೊಡ್ಡ ಅಪಾಯ: ಅದನ್ನು ಕೊಟ್ಟ ಹಿಂದೆಯೇ ಓಸಿಮರ್ಟಿನಿಬ್ ಶುರು ಮಾಡಿದರೆ ಶ್ವಾಸಕೋಶ ತೀವ್ರವಾಗಿ ಊದಿಕೊಳ್ಳುವ ಸಂಭವ ಏರುತ್ತದೆ. ಇಮ್ಯುನೊಥೆರಪಿ ಔಷಧ ಮೈಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಒಮ್ಮೆ ಕೊಟ್ಟದ್ದನ್ನು ವಾಪಸ್ ತೆಗೆಯಲಾಗದು. ಜೀನ್ ರಿಪೋರ್ಟ್ ಇಲ್ಲದೆ ಓಡಬೇಡಿ ಅಂತ ಮೊದಲೇ ಅಂದದ್ದು ಇದಕ್ಕೇ.

ಉತ್ತರ: ಹಗಲು ವಾರ್ಡ್

ಎಕ್ಸಾನ್ 19 ಡಿಲೀಷನ್, ಅಂದರೆ ಇಜಿಎಫ್‌ಆರ್ ಜೀನ್‌ನ 19ನೇ ಭಾಗದಲ್ಲಿ ಒಂದು ತುಣುಕು ಬಿಟ್ಟುಹೋಗಿರುವುದು, ಮಾತ್ರೆಗೆ ಚೆನ್ನಾಗಿ ಮಣಿಯುವ ಬಗೆ. ಅದೇ ಜೀನ್‌ನ ಎಕ್ಸಾನ್ 20 ಇನ್ಸರ್ಷನ್ ಆಗಿದ್ದರೆ ಈ ಮಾತ್ರೆಗಳು ಸಾಮಾನ್ಯವಾಗಿ ಕೆಲಸ ಮಾಡುತ್ತಿರಲಿಲ್ಲ, ಓದುವಾಗ ಸಂಖ್ಯೆ ಸರಿಯಾಗಿ ನೋಡಿ. ನಿಮ್ಮ ಮುಂದಿರುವ ದಾರಿಗಳು ಹೀಗಿವೆ.

ಓಸಿಮರ್ಟಿನಿಬ್ 80 ಮಿ.ಗ್ರಾಂ. ದಿನಕ್ಕೊಂದು. ಹಳೆಯ ಮಾತ್ರೆಗಳ (ಜೆಫಿಟಿನಿಬ್, ಎರ್ಲೋಟಿನಿಬ್) ಜೊತೆ ಹೋಲಿಸಿದ ಅಧ್ಯಯನದಲ್ಲಿ ಕಾಯಿಲೆ ಹತೋಟಿಯಲ್ಲಿದ್ದ ಅವಧಿಯ ಮಧ್ಯಾಂಕ 18.9 ತಿಂಗಳು, ಹಳೆಯವಕ್ಕೆ 10.2. ಮಿದುಳಿಗೂ ಚೆನ್ನಾಗಿ ತಲುಪುತ್ತದೆ, ನಿಮ್ಮ ವಿಷಯದಲ್ಲಿ ಅದೇ ಮುಖ್ಯ. ಇದರ ಜೊತೆ ಪೆಮೆಟ್ರೆಕ್ಸೆಡ್ ಮತ್ತು ಪ್ಲಾಟಿನಂ ಕೀಮೋ ಸೇರಿಸಿದಾಗ 25.5 ತಿಂಗಳು, ಆ ಅಧ್ಯಯನದಲ್ಲಿ ಬರೀ ಮಾತ್ರೆಗೆ 16.7. ಮಿದುಳಿನಲ್ಲಿ ಚುಕ್ಕೆ ಇರುವವರಿಗೆ ಕೀಮೋ ಸೇರಿಸುವ ಮಾತನ್ನು ಕೇಳಿಯೇ ನೋಡಬೇಕು, ಮೈಶಕ್ತಿ ತಡೆದರೆ.

ಹಣ ಹೊಂದದಿದ್ದರೆ ಕೈಚೆಲ್ಲಬೇಡಿ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 350 ರೋಗಿಗಳಲ್ಲಿ ಜೆಫಿಟಿನಿಬ್ 250 ಮಿ.ಗ್ರಾಂ. ಜೊತೆ ಪೆಮೆಟ್ರೆಕ್ಸೆಡ್–ಕಾರ್ಬೊಪ್ಲಾಟಿನ್ ಕೊಟ್ಟು ನೋಡಿ 2020ರಲ್ಲಿ ಪ್ರಕಟಿಸಿದರು: ಹತೋಟಿ 8 ತಿಂಗಳಿಂದ 16 ತಿಂಗಳಿಗೆ ಏರಿತು. ತೀವ್ರ ಅಡ್ಡಪರಿಣಾಮವೂ ಸುಮಾರು 25%ರಿಂದ 51%ಕ್ಕೆ ಏರಿತು, ಅದನ್ನೂ ತಿಳಿದಿರಿ. ಜೆಫಿಟಿನಿಬ್ ನಮ್ಮಲ್ಲಿ ಜೆನೆರಿಕ್ ಸಿಗುತ್ತದೆ, ಬೆಲೆ ಓಸಿಮರ್ಟಿನಿಬ್‌ನ ಒಂದು ಸಣ್ಣ ಪಾಲು. ಬಡ ರೋಗಿಗಳನ್ನು ಕಣ್ಣೆದುರು ಇಟ್ಟುಕೊಂಡು ನಮ್ಮ ದೇಶದಲ್ಲೇ ನಡೆದ ಈ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ. ಓಸಿಮರ್ಟಿನಿಬ್ ಮೇಲಿನ ಆಮದು ಸುಂಕವನ್ನೂ 2024ರ ಕೇಂದ್ರ ಬಜೆಟ್‌ನಲ್ಲಿ ತೆಗೆದಿದ್ದಾರೆ. ಕಂಪನಿಯ ಸಹಾಯ ಯೋಜನೆ ಇದೆಯಾ ಅಂತ ಆಂಕಾಲಜಿ ವಿಭಾಗದಲ್ಲಿ ಕೇಳಿ, ಮೊದಲ ತಿಂಗಳ ಮಾತ್ರೆ ಕೊಳ್ಳುವ ಮುಂಚೆಯೇ ಕೇಳಿ.

ಪೆಮೆಟ್ರೆಕ್ಸೆಡ್ ಬರೆದರೆ ಒಂದು ತಯಾರಿ ತಪ್ಪಿಸಬಾರದು. ಕೀಮೋಗೆ ಒಂದು ವಾರ ಮುಂಚಿನಿಂದ ಫೋಲಿಕ್ ಆಸಿಡ್ ದಿನಾ (350ರಿಂದ 1000 ಮೈಕ್ರೊಗ್ರಾಂ), ಬಿ12 1000 ಮೈಕ್ರೊಗ್ರಾಂ ಇಂಜೆಕ್ಷನ್ ಅದೇ ವಾರ ಒಂದು, ಆಮೇಲೆ 9 ವಾರಕ್ಕೊಂದು. ಡೆಕ್ಸಾಮೆಥಸೋನ್ 4 ಮಿ.ಗ್ರಾಂ. ಎರಡು ಹೊತ್ತು: ಹಿಂದಿನ ದಿನ, ಆ ದಿನ, ಮರುದಿನ. ನಮ್ಮ ಅಂಗಡಿಗಳಲ್ಲಿ ಸಿಗುವ ಫೋಲಿಕ್ ಮಾತ್ರೆ ಹೆಚ್ಚಾಗಿ 5 ಮಿ.ಗ್ರಾಂ.ನದ್ದು, ಯಾವುದು ಎಷ್ಟು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ವಿಟಮಿನ್ ತಾನೇ ಅಂತ ಬಿಟ್ಟರೆ ಬಾಯಿ ಹುಣ್ಣಾಗಿ ಊಟ ನಿಲ್ಲುತ್ತದೆ, ಬಿಳಿ ರಕ್ತಕಣ ಕುಸಿಯುತ್ತದೆ.

ತಲೆಯ ಚುಕ್ಕೆಗಳನ್ನು ರೇಡಿಯೇಷನ್ ವೈದ್ಯರಿಗೂ ತೋರಿಸಿ. ಇಷ್ಟು ಸಣ್ಣ, ತೊಂದರೆ ಕೊಡದ ಚುಕ್ಕೆಗೆ ಓಸಿಮರ್ಟಿನಿಬ್ ಶುರು ಮಾಡಿ 6–8 ವಾರಕ್ಕೆ ಎಂಆರ್‌ಐ ನೋಡುವುದೂ ಉಂಟು, ಒಂದೇ ದಿನದಲ್ಲಿ ಚುಕ್ಕೆಗಷ್ಟೇ ರೇಡಿಯೋಸರ್ಜರಿ ಮಾಡುವುದೂ ಉಂಟು. ಎರಡೇ ಚುಕ್ಕೆಗೆ ಇಡೀ ತಲೆಗೆ ರೇಡಿಯೇಷನ್ ಅಂದರೆ ಯಾಕೆ ಅಂತ ಕೇಳಿ. ಅದರಿಂದ ಮುಂದೆ ನೆನಪು ಕುಂದುತ್ತದೆ. ಫಿಟ್ಸ್ ಮಾತ್ರೆ ಬೇಕಾದರೆ ಫೆನಿಟಾಯಿನ್ ಬೇಡ, ಅದೂ ರಿಫಾಂಪಿಸಿನ್ ಥರವೇ ಕ್ಯಾನ್ಸರ್ ಮಾತ್ರೆಯನ್ನು ತಿಂದುಹಾಕುತ್ತದೆ. ಲೆವೆಟಿರಾಸಿಟಮ್ ಆಗಬಹುದಾ ಅಂತ ಕೇಳಿ.

ಉತ್ತರ: ಎದೆಗೂಡು

ಎಲ್ಲಿಗೆ ಹೋಗುವುದು ಅನ್ನುವುದಕ್ಕೆ: ಬೆಂಗಳೂರಿನ ಕಿದ್ವಾಯಿಯಲ್ಲಿ ಕೀಮೋ, ರೇಡಿಯೇಷನ್, ಸರ್ಜರಿ ಮೂರೂ ವಿಭಾಗ ಒಂದೇ ಆವರಣದಲ್ಲಿವೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಯಾವ ಮಾತ್ರೆ ಪ್ಯಾಕೇಜಿನಲ್ಲಿದೆ, ಯಾವುದು ಇಲ್ಲ ಅಂತ ಅಲ್ಲಿರುವ ಆರೋಗ್ಯಮಿತ್ರರನ್ನು ಕೇಳಿ. ರೇಷನ್ ಕಾರ್ಡ್, ಆಧಾರ್, ಸ್ಕ್ಯಾನಿನ ಫಿಲ್ಮ್ ಅಷ್ಟೇ ಅಲ್ಲ ಸಿಡಿಯೂ, ಬ್ಲಾಕ್, ಸ್ಲೈಡ್, ಟಿಬಿ ಮಾತ್ರೆ ನಿಲ್ಲಿಸಿದ ಚೀಟಿ, ಎಲ್ಲ ಒಂದೇ ಫೈಲಿನಲ್ಲಿರಲಿ. ಓಸಿಮರ್ಟಿನಿಬ್‌ಗೆ ಮೊದಲು ಇಸಿಜಿ, ಎಕೋ ಕೇಳುತ್ತಾರೆ, ಹಾಸನದಲ್ಲೇ ಮಾಡಿಸಿಕೊಂಡು ಹೋದರೆ ಒಂದು ದಿನ ಉಳಿಯುತ್ತದೆ.

ಉಸಿರು ಕಟ್ಟಿ ನೀರು ತೆಗೆಸಬೇಕಾಗಿ ಬಂದರೆ ಒಂದೇ ಸಲಕ್ಕೆ ಒಂದೂವರೆ ಲೀಟರ್ ಮೀರಬಾರದು. ತೆಗೆಯುವಾಗ ಜೋರು ಕೆಮ್ಮು, ಎದೆ ಹಿಡಿದಂತಾದರೆ ಅಲ್ಲಿಗೇ ನಿಲ್ಲಿಸಬೇಕು. ಕುಗ್ಗಿದ್ದ ಶ್ವಾಸಕೋಶ ಒಮ್ಮೆಲೇ ಅರಳಿದರೆ ಅದರೊಳಗೇ ನೀರು ಕಟ್ಟಿಕೊಳ್ಳುತ್ತದೆ.

ಉಪಶಾಮಕ ಚಿಕಿತ್ಸೆ (ನೋವು, ಸಂಕಟ ತಗ್ಗಿಸುವ ಪ್ಯಾಲಿಯೇಟಿವ್ ಕೇರ್) ಅಂದರೆ ಕೊನೆಗಾಲದ್ದು ಅಂತ ತಿಳಿಯಬೇಡಿ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಹರಡಿದ ಶ್ವಾಸಕೋಶದ ಕ್ಯಾನ್ಸರ್‌ಗೆ ಶುರುವಿನಿಂದಲೇ ಅದನ್ನು ಸೇರಿಸಿದವರು ಹೆಚ್ಚು ನೆಮ್ಮದಿಯಿಂದ ಇದ್ದದ್ದಲ್ಲದೆ ಹೆಚ್ಚು ಕಾಲವೂ ಬದುಕಿದರು. ಕೆಮ್ಮು, ನೋವು, ನಿದ್ದೆ ಕೆಡುವುದು, ಇವಕ್ಕೆ ಮೊದಲ ತಿಂಗಳಲ್ಲೇ ಆ ವಿಭಾಗಕ್ಕೆ ತೋರಿಸಿ.

ತೆಂಗಿನಸೀಮೆ

ಓಸಿಮರ್ಟಿನಿಬ್ ಇವತ್ತು ಶುರು, ಕೀಮೋ ಮುಂದಿನ ವಾರದಿಂದ. ಟಿಬಿ ಮಾತ್ರೆ ನಿಲ್ಲಿಸಿದ ತಾರೀಖು ನೋಡಿಯೇ ವೈದ್ಯರು ಡೋಸ್ ಬರೆದರು. ಮನೆಯಲ್ಲಿ ಏನೇನು ಗಮನಿಸಬೇಕು? ಅತ್ತೆಗೆ ಮಾತ್ರೆ ನುಂಗೋದು ಸ್ವಲ್ಪ ಕಷ್ಟ.

ಉತ್ತರ: ಔಷಧಿ ಚೀಟಿ

ಪುಡಿ ಮಾಡಬೇಡಿ. ಅರ್ಧ ಕಾಫಿ ಲೋಟದಷ್ಟು, ಅಂದರೆ ಸುಮಾರು 60 ಎಂಎಲ್ ಸಾದಾ ನೀರಿಗೆ ಇಡೀ ಮಾತ್ರೆ ಹಾಕಿ, ಸಣ್ಣ ಚೂರುಗಳಾಗುವವರೆಗೆ ಕಲಕಿ, ತಕ್ಷಣ ಕುಡಿಸಿ. ಪೂರ್ತಿ ಕರಗುವುದಿಲ್ಲ, ಪರವಾಗಿಲ್ಲ. ಲೋಟದ ತಳದಲ್ಲಿ ಉಳಿದದ್ದಕ್ಕೆ ಇನ್ನೊಂದು ಲೋಟ ನೀರು ಹಾಕಿ ಅದನ್ನೂ ಕುಡಿಸಿ. ಹಾಲು, ಕಾಫಿ, ಸೋಡಾ ಬೇಡ. ದಿನಾ ಒಂದೇ ಹೊತ್ತು. ಮರೆತರೆ, ಮುಂದಿನ ಹೊತ್ತಿಗೆ 12 ಗಂಟೆಗಿಂತ ಕಡಿಮೆ ಉಳಿದಿದ್ದರೆ ಬಿಟ್ಟುಬಿಡಿ, ಎರಡು ಒಟ್ಟಿಗೆ ಬೇಡ.

ಒಂದೆರಡು ವಾರದಲ್ಲಿ ಮುಖ, ಎದೆಯ ಮೇಲೆ ಮೊಡವೆ ಥರ ಗುಳ್ಳೆ ಬರಬಹುದು. ಅದು ಮೊಡವೆಯಲ್ಲ, ಮೊಡವೆ ಕ್ರೀಮ್ ಹಚ್ಚಿದರೆ ಚರ್ಮ ಸುಡುತ್ತದೆ. ಸ್ನಾನಕ್ಕೆ ಉಗುರುಬೆಚ್ಚಗಿನ ನೀರು, ಒದ್ದೆ ಆರುವ ಮುಂಚೆ ವಾಸನೆಯಿಲ್ಲದ ಮಾಯಿಶ್ಚರೈಸರ್, ಬಿಸಿಲಿಗೆ ಸೆರಗು. ಕೀವು ತುಂಬಿದರೆ ವೈದ್ಯರು ಡಾಕ್ಸಿಸೈಕ್ಲಿನ್ ಬರೆಯುತ್ತಾರೆ. ಉಗುರಿನ ಬದಿ ಕೆಂಪಾಗಿ ನೋಯುತ್ತದೆ, ಉಗುರನ್ನು ಒಳಮೂಲೆಯವರೆಗೆ ಕತ್ತರಿಸಬೇಡಿ, ಪಾತ್ರೆ ತೊಳೆಯುವ ಕೆಲಸ ಬೇರೆಯವರು ಮಾಡಲಿ.

ಭೇದಿ ಶುರುವಾದರೆ ಓಆರ್‌ಎಸ್, ಅನ್ನ ಮಜ್ಜಿಗೆ. ಲೋಪೆರಮೈಡ್ ಮೊದಲು 4 ಮಿ.ಗ್ರಾಂ., ಆಮೇಲೆ ಪ್ರತಿ ಸಲಕ್ಕೆ 2 ಮಿ.ಗ್ರಾಂ. ಅಂತ ಸಾಮಾನ್ಯವಾಗಿ ಬರೆದುಕೊಡುತ್ತಾರೆ, ದಿನದ ಮಿತಿ ಎಷ್ಟು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಕೀಮೋ ಶುರುವಾದ ಮೇಲೆ ಥರ್ಮಾಮೀಟರ್ ಮನೆಯಲ್ಲಿರಲೇಬೇಕು. ಜ್ವರ 100.4 ದಾಟಿದರೆ ರಾತ್ರಿಯಾದರೂ ಸರಿ, ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ನೋಡುವಂತಿಲ್ಲ.

ಒಂದು ಲಕ್ಷಣಕ್ಕೆ ಮಾತ್ರ ಮಾತ್ರೆಯನ್ನು ಮನೆಯಲ್ಲೇ ತಡೆಹಿಡಿಯಿರಿ: ಹೊಸದಾಗಿ ಏರುವ ದಮ್ಮು, ಒಣಕೆಮ್ಮು, ಜೊತೆಗೆ ಜ್ವರ ಇದ್ದರೂ ಇಲ್ಲದಿದ್ದರೂ. ಮಾತ್ರೆಯಿಂದಲೇ ಶ್ವಾಸಕೋಶ ಊದುವುದು ಅಪರೂಪ, ಆದರೆ ಬಂದರೆ ಜೀವಕ್ಕೆ ಕುತ್ತು. ಆ ದಿನದ ಮಾತ್ರೆ ಕೊಡದೆ ಆಸ್ಪತ್ರೆಗೆ ಹೋಗಿ, ತುರ್ತು ವಿಭಾಗದಲ್ಲಿ ಬಾಗಿಲಲ್ಲೇ "ಓಸಿಮರ್ಟಿನಿಬ್ ತಗೋತಿದ್ದಾರೆ" ಅಂತ ಹೇಳಿ, ಸ್ಟ್ರಿಪ್ ತೋರಿಸಿ. ಇಲ್ಲದಿದ್ದರೆ ನ್ಯುಮೋನಿಯಾ ಅಂದುಕೊಂಡು ಬರೀ ಆಂಟಿಬಯಾಟಿಕ್ ಹಾಕುತ್ತಾರೆ, ಮಾತ್ರೆ ಹಾಗೇ ಮುಂದುವರಿಯುತ್ತದೆ.

ಉತ್ತರ: ಗಾಜುಪಟ್ಟಿ

ಮೊದಲ ಸಿಟಿ 6–8 ವಾರಕ್ಕೆ. ಮುಂದೊಂದು ದಿನ ಗಡ್ಡೆ ಮತ್ತೆ ಬೆಳೆಯತೊಡಗಿದರೆ ಹಳೇ ರಿಪೋರ್ಟ್ ಮೇಲೆ ಔಷಧ ಬದಲಿಸದೆ ಹೊಸ ಬಯಾಪ್ಸಿ ಕೇಳಿ. ಎಂಇಟಿ ಅನ್ನುವ ಜೀನ್ ಹೆಚ್ಚಿರಬಹುದು, ಕೆಲವರಲ್ಲಿ ಸ್ಮಾಲ್ ಸೆಲ್ ಆಗಿಯೇ ಬದಲಾಗಿರುತ್ತದೆ. ಈ ಎರಡನೆಯದು ರಕ್ತದ ಟೆಸ್ಟಿನಲ್ಲಿ ಗೊತ್ತಾಗುವುದಿಲ್ಲ. ಈಗಿನ ಬ್ಲಾಕನ್ನು ಲ್ಯಾಬಿನಿಂದ ವಾಪಸ್ ಪಡೆದು ಜೋಪಾನವಾಗಿಡಿ, ಅದರ ಮೇಲಿನ ಬಯಾಪ್ಸಿ ನಂಬರನ್ನು ಫೈಲಿನ ಮೊದಲ ಹಾಳೆಯಲ್ಲೇ ಬರೆದಿಡಿ.